ಬಾಳೇಶ ಕೂತ ಬದಿ

ಸುಣ್ಣದ ಗೆರೆ ಇವತ್ತೂ ಅಲ್ಲೇ ಒಳಕ್ಕೆ ಬಾಗಿತ್ತು. ಕಾಡಪ್ಪ ಸುಣ್ಣದ ಗಾಡಿಯನ್ನು ನಿಲ್ಲಿಸಿ ಹಿಂದೆ ತಿರುಗಿ ನೋಡಿದ. ಮೂಲೆಯ ಬಾವುಟದಿಂದ ನೆಟ್ಟಗೆ ಬಂದ ಗೆರೆ ಕಲ್ಲುಗುಂಡಿನ ಹತ್ತಿರ ಬರುತ್ತಿದ್ದಂತೆ, ಅಲ್ಲಿ ಯಾರೋ ಕಾಲು ಚಾಚಿ ಕೂತಿದ್ದಾರೆ, ದಾಟಬಾರದು ಎನ್ನುವ ಹಾಗೆ ಒಂದು ಗೇಣು ಮೈದಾನದ ಒಳಕ್ಕೆ ಸರಿದು, ಗುಂಡು ಹಿಂದೆ ಬಿದ್ದ ಮೇಲೆ ಮತ್ತೆ ನೆಟ್ಟಗಾಗಿತ್ತು. ಗುಂಡಿನ ಮೇಲೆ ಈಗ ಯಾರೂ ಇರಲಿಲ್ಲ. ಹಿಂದೆ ಯಾರದೋ ಕಣದಲ್ಲಿ ಜೋಳದ ತೆನೆಯ ಮೇಲೆ ಉರುಳುತ್ತಿದ್ದ ಕಲ್ಲು ಅದು. ಮೈದಾನ ಮಾಡುವಾಗ ನೆಲ ಗಟ್ಟಿ ಮಾಡಲು ತಂದವರು ಹೊರಗೆ ಸಾಗಿಸುವ ಗೋಜಿಗೆ ಹೋಗದೆ ಎಡಗಡೆಯ ಗೆರೆಯ ಆಚೆ ಬಿಟ್ಟುಹೋಗಿದ್ದರು. ಬಾಳೇಶ ಬಂದು ಅದರ ಮೇಲೆ ಕೂರುವುದು ಅವನ ಊರು ಚಚಡಿಯ ಬಸ್ಸು ಬೈಲಹೊಂಗಲಕ್ಕೆ ಬಂದ ಮೇಲೆ. ಇಷ್ಟು ವರ್ಷ ಹಗ್ಗ ಹಿಡಿಯದೆ ಗೆರೆ ಎಳೆದ ಕೈ ತನ್ನದು. ಬಲಗಡೆಯ ಗೆರೆ ನೋಡಿದರೆ ಚಾಕುವಿನಿಂದ ಕೊಯ್ದ ಹಾಗಿತ್ತು. ಕಾಡಪ್ಪ ಚಪ್ಪಲಿಯಿಂದ ಬಾಗಿದ ಸುಣ್ಣವನ್ನು ಒರೆಸಿದ. ಅದು ಅಳಿಸಿಹೋಗದೆ ಕೆಮ್ಮಣ್ಣಿನ ಜೊತೆ ಕಲೆತು, ನೆಲಕ್ಕೆ ತೊನ್ನು ಹತ್ತಿದ ಹಾಗೆ ಕಂಡಿತು. ಹೊಸ ಗೆರೆ ಎಳೆಯಲು ಗಾಡಿಯನ್ನು ಹಿಂದಕ್ಕೆ ತಂದ. ಎಳೆಯಲಿಲ್ಲ.

ರವಿವಾರ ಕೊನೆಯ ಪಂದ್ಯ. ಗೆದ್ದರೆ ಯರಿನಾಡ ಎಫ್‌ಸಿ ರಾಜ್ಯದ ದೊಡ್ಡ ಫುಟ್‌ಬಾಲ್ ಲೀಗಿನಲ್ಲಿ ಉಳಿಯುತ್ತದೆ. ಸೋತರೂ, ಸಮ ಆದರೂ ಕೆಳಗಿನದಕ್ಕೆ ಬೀಳುತ್ತದೆ. ಬಿದ್ದ ತಂಡಕ್ಕೆ ಸಂಬಳ ಕೊಡಲು ತನಗೇನು ಹುಚ್ಚು ಹಿಡಿದಿಲ್ಲ, ಗೇಟಿಗೆ ಕೀಲಿ ಹಾಕುತ್ತೇನೆ ಎಂದು ಜಟ್ಟೆಪ್ಪ ಸಾವಕಾರ ಹೇಳಿಯಾಗಿತ್ತು. ಹತ್ತಿ ಜಿನ್ನಿನ ಮಾಲೀಕ ಆತ, ಹೇಳಿದ್ದನ್ನು ಮಾಡುವವನು. ನಿನ್ನೆ ಅಭ್ಯಾಸದ ಹೊತ್ತಿಗೆ ಬಂದು ಕಾರಿನ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದ್ದ. ಕೊನೆಗೆ ಅಂದಿದ್ದ: "ಕಾಡಪ್ಪಾ, ನಿನ್ನ ಟೀಮು ಒಂದ ರೆಕ್ಕಿ ಮುರದ ಕೋಳಿ ಆಗೇತಿ ನೋಡು. ಎಷ್ಟ ಬಡಕೊಂಡ್ರೂ ಒಂದs ಕಡಿ ಸುತ್ತತೈತಿ." ಹುಡುಗರು ಕೇಳಿಸಿಕೊಂಡರು. ಸಾವಕಾರ ಮತ್ತೂ ಹೇಳಿದ: "ಆ ಎಡಗಡಿ ಮೂಲ್ಯಾಗ ಏನರ ಐತೋ ಏನೋ. ಸವದತ್ತಿಂದ ಒಬ್ಬ ಸ್ವಾಮೇರ್ನ ಕರಸ್ತೇನಿ. ಒಂದ ನಿಂಬಿಹಣ್ಣ ಹುಗದ್ರ ಹೋಗತೈತಿ." ಇಪ್ಪತ್ತು ವರ್ಷ ಆಡಿ, ಹತ್ತು ವರ್ಷ ಆಡಿಸಿ, ಎರಡು ಮಂಡಿಯ ಚಿಪ್ಪು ಸವೆಸಿಕೊಂಡವನಿಗೆ ಹತ್ತಿಯ ವ್ಯಾಪಾರಿ ನಿಂಬೆಹಣ್ಣಿನ ಉಪಾಯ ಹೇಳಿಕೊಡುವುದು. ಸಿಟ್ಟು ಗಂಟಲತನಕ ಬಂದು, ಅಲ್ಲಿಂದ ಬಾಯಿಗೆ ಬರುವಾಗ "ನೋಡೂಣ್ರಿ ಸಾವಕಾರ್ರ" ಎಂದಾಗಿ ಹೊರಬಿದ್ದಿತ್ತು. ರಾತ್ರಿಯೆಲ್ಲ ಆ ಎರಡು ಪದದ ದೀನತನ ಕಿವಿಯಲ್ಲಿ ಗುಂಗಾಡಿಯ ಹಾಗೆ ಸುತ್ತುತ್ತಿತ್ತು.

ಹುಡುಗರು ಬಂದರು, ಬಸ್ಸೂ ಬಂತು. ಬಾಳೇಶ ಗೇಟಿನಿಂದ ಒಳಬಂದು ಕೋಲು ಊರುತ್ತ, ಬಲಗಾಲನ್ನು ಅರ್ಧ ಚಂದ್ರದ ಹಾಗೆ ತಿರುಗಿಸಿ ಮುಂದಿಡುತ್ತ ಮೈದಾನದ ಅಂಚು ಹಿಡಿದು ನಡೆದು ಬಂದು ಗುಂಡಿನ ಮೇಲೆ ಕೂತ. ದೂರದಿಂದಲೇ ಕೈ ಎತ್ತಿ "ನಮಸ್ಕಾರ್ರೀ ಸರ" ಅಂದ. ಕಾಡಪ್ಪ ಕೈ ಎತ್ತಿದ. ಎರಡು ವರ್ಷದ ಹಿಂದೆ ಈ ಎಡಗಡೆ ಬಾಳೇಶನದು. ಬಾಲು ಕಾಲಿಗೆ ಸಿಕ್ಕರೆ ಗೆರೆಯ ಗುಂಟ ಗಾಳಿ ಹೋದ ಹಾಗೆ ಹೋಗಿ ಮೂಲೆಯಿಂದ ಹಿಂದಕ್ಕೆ ಎತ್ತಿ ಕೊಡುತ್ತಿದ್ದ. ನಡುವೆ ನಿಂತವನು ತಲೆ ಕೊಟ್ಟರೆ ಸಾಕು, ಗೋಲು. ಈಗ ಅಲ್ಲಿ ಓಡಬೇಕಾದವನು ರಾಮದುರ್ಗದ ನೇಕಾರರ ಮನೆಯ ಕಲ್ಮೇಶ. ಬಾಳೇಶನಿಗಿಂತ ಜೋರು ಓಟ. ಕಾಡಪ್ಪ ಸೀಟಿ ಊದಿದ. ನಡುವಿನಿಂದ ಎಡಕ್ಕೆ ಬಾಲು ಬಂತು, ಕಲ್ಮೇಶ ಅದನ್ನು ಮುಂದೆ ತಳ್ಳಿ ಓಡಿದ. ಮುಂದೆ ಬಯಲೋ ಬಯಲು, ತಡೆಯುವವನು ಒಬ್ಬನೇ, ಅವನೂ ಹಿಂದೆ ಬಿದ್ದಿದ್ದ. ಕಲ್ಲುಗುಂಡು ಇನ್ನು ಹತ್ತು ಮಾರು ಇದೆ ಅನ್ನುವಾಗ ಕಲ್ಮೇಶನ ಭುಜ ಇಳಿಯಿತು. ಹೆಜ್ಜೆ ಚಿಕ್ಕದಾಯಿತು. ದೇವರ ಮುಂದೆ ಬಂದವನ ಹಾಗೆ ತಲೆ ತಗ್ಗಿಸಿ, ಬಾಲನ್ನು ಒಳಕ್ಕೆ ಎಳೆದುಕೊಂಡು, ಮೂರು ಮಂದಿ ಕಾಯುತ್ತಿದ್ದ ಕಡೆಗೇ ತಿರುಗಿ ಕಳೆದುಕೊಂಡ.

"ಯಾಕಲೇ, ಮುಂದ ಏನ ಹಾಂವ ಮಲಗಿತ್ತೇನು?"

"ಇಲ್ರೀ ಸರ."

"ಮತ್ತ?"

"ಕಾಲ ತಿರಗತಾವ್ರಿ," ಅಂದ ಕಲ್ಮೇಶ. ಗುಂಡಿನ ಕಡೆಗೆ ಬೆನ್ನು ಮಾಡಿ ನಿಂತಿದ್ದ.

"ನಿನ್ನ ಕಾಲ, ನಿನ್ನ ಮಾತ ಕೇಳಂಗಿಲ್ಲೇನು? ಮಗ್ಗದ ಮ್ಯಾಲೆ ಕುಂದ್ರ ಹೋಗು, ಅಲ್ಲಿ ಕಾಲಿಗೆ ಬ್ಯಾರೆ ಕೆಲಸ ಇರಂಗಿಲ್ಲ." ಹುಡುಗರಲ್ಲಿ ಒಬ್ಬ ಕಿಸಕ್ಕೆಂದ. ಕಲ್ಮೇಶನ ಕಿವಿ ಕೆಂಪಾಯಿತು. ಅವನ ಮನೆತನವನ್ನು ಯಾಕೆ ಎಳೆದೆ ಎಂದು ಕಾಡಪ್ಪನಿಗೆ ಅನಿಸಿತು. ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂದು ಬಲಗಡೆಯವನನ್ನು ಎಡಕ್ಕೆ ಹಾಕಿದ. ಅವನೂ ಅಲ್ಲೇ ತಿರುಗಿದ. ಈ ತಿಂಗಳಲ್ಲಿ ಎಲ್ಲರನ್ನೂ ಎಡಕ್ಕೆ ಹಾಕಿ ನೋಡಿದ್ದಾಗಿತ್ತು. ಹಿಂದಿನಿಂದ ಇನ್ನೊಬ್ಬನನ್ನು ಓಡಿಸಿದ್ದ, ನಡುವಿನವನನ್ನು ಆಚೆ ಸರಿಸಿದ್ದ. ಎದುರಿನ ತಂಡಗಳಿಗೂ ಗೊತ್ತಾಗಿಬಿಟ್ಟಿತ್ತು. ಅವರು ಎಡಗಡೆ ಕಾವಲೇ ಇಡುತ್ತಿರಲಿಲ್ಲ. ಎಲ್ಲ ಬಲಕ್ಕೆ ಬಂದು ಗೋಡೆ ಕಟ್ಟುತ್ತಿದ್ದರು. ಬಾಗಿಲು ತೆರೆದಿಟ್ಟ ಮನೆಗೆ ಕಳ್ಳನೂ ಬರಲಿಲ್ಲ ಎನ್ನುವ ಹಾಗಿತ್ತು ಆ ಬದಿ. ಬಾಲು ಗೆರೆ ದಾಟಿ ಉರುಳಿ ಹೋದಾಗ ಬಾಳೇಶ ಕೋಲಿನಿಂದ ಅದನ್ನು ನಿಲ್ಲಿಸಿ, ಬಗ್ಗಿ ಎತ್ತಿ, ಹುಡುಗನ ಕೈಗೇ ಕೊಟ್ಟ. ಕೊಡುವಾಗ ಮುಗುಳ್ನಕ್ಕ. ಮೊದಲಿಂದಲೂ ಅವನದು ಸಾಧು ಮುಖ.

ಮನೆಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಹೆಂಡತಿ ಲಗಮವ್ವ ಹಿತ್ತಲಲ್ಲಿ ನೀರೊಲೆಗೆ ಹತ್ತಿಕಟ್ಟಿಗೆ ಮುರಿಯುತ್ತಿದ್ದಳು. ಲಟಕ್ ಎಂದಾಗ ಕಾಡಪ್ಪ ಹೊಸ್ತಿಲಲ್ಲೇ ನಿಂತ. ಎರಡು ವರ್ಷದ ಹಿಂದೆ ಕಿತ್ತೂರಿನ ಮೈದಾನದಲ್ಲಿ ಬಾಳೇಶನ ಕಾಲು ಹೋದಾಗ ಇದಕ್ಕಿಂತ ಒಣ ಸದ್ದಾಗಿತ್ತು. ಎರಡು ಸಾವಿರ ಜನರ ಗದ್ದಲದಲ್ಲೂ ಅದು ಕೇಳಿಸಿತ್ತೆಂದರೆ ಯಾರೂ ನಂಬುವುದಿಲ್ಲ. "ಏ, ಕೊಡ್ಲಿಲೇ ಕಡೀಬಾರದs ಅದನ್ನ?" ಅಂದ. "ಎರಡ ಕಡ್ಡಿ ಮುರ್ಯಾಕ ಕೊಡ್ಲಿ ಯಾತಕ್ಕ? ನಿಮ್ಮ ಹುಡುಗ್ರ ಮ್ಯಾಲಿನ ಸಿಟ್ಟ ನನ್ನ ಮ್ಯಾಲ ತರಬ್ಯಾಡ್ರಿ," ಎಂದು ಅವಳು ಇನ್ನೊಂದನ್ನು ಮುರಿದಳು.

ಮಗಳು ಪ್ರಣಿತಾ ಮಂಚದ ಮೇಲೆ ಕಂಪ್ಯೂಟರ್ ತೊಡೆಗೇರಿಸಿಕೊಂಡು ಕೂತಿದ್ದಳು. ತಂಡದ ಪಂದ್ಯಗಳನ್ನು ಚಿತ್ರ ಹಿಡಿಯುವುದು ಅವಳ ಕೆಲಸ. ಕಾಲೇಜು ಮುಗಿಸಿ ಬೇರೆ ಕೆಲಸ ಸಿಗುವತನಕ ಎಂದು ಸಾವಕಾರ ಕೊಟ್ಟದ್ದು. ಕಾಡಪ್ಪ ಗಂಗಾಳದ ಮುಂದೆ ಕೂತ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ನಿನ್ನೆಯ ಕೋಳಿ ಸಾರು. ಪ್ರಣಿತಾ ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಅಪ್ಪಾ, ಒಂದು ತೋರಸ್ತೇನಿ, ಸಿಟ್ಟಾಗಬ್ಯಾಡ."

"ತೋರಸು."

"ಇದು ಹೋದ ಮ್ಯಾಚಿಂದು. ಫಸ್ಟ್ ಹಾಫ್. ಎಡಗಡೆ ಬಾಳೇಶಣ್ಣ ಕುಂತಾನ, ಗುಂಡಿನ ಮ್ಯಾಲ. ಹೌದಿಲ್ಲೋ? ಈಗ ಹಾಫ್ ಟೈಮ್ ಆತು, ದಿಕ್ಕ ಬದಲಿ. ನಮ್ಮ ಎಡಗಡಿ ಅಂದ್ರ ಈಗ ನಮ್ಮ ಬೆಂಚಿನ ಕಡೆ ಬಂತು. ಈಗ ನೋಡು."

ಪರದೆಯ ಅಂಚಿನಲ್ಲಿ ಒಂದು ಸಣ್ಣ ಆಕೃತಿ ಎದ್ದು, ಗೋಲುಕಂಬದ ಹಿಂದಿನಿಂದ ಸುತ್ತು ಹಾಕಿ, ಕಾಲೆಳೆಯುತ್ತ ಈಚೆ ಬದಿಗೆ ಬಂದು ನೀರಿನ ಡ್ರಮ್ಮಿನ ಪಕ್ಕ ನೆಲದ ಮೇಲೆ ಕೂತಿತು. "ಅದರ ಹಿಂದಿನ ಮ್ಯಾಚು," ಅಂದಳು ಪ್ರಣಿತಾ. ಅಲ್ಲಿಯೂ ಎದ್ದಿತು, ಸುತ್ತಿ ಬಂದಿತು, ಕೂತಿತು. "ನಾ ಕ್ಯಾಮರಾ ಎಲ್ಲಿಟ್ರೂ ಆಂವ ಅದರಾಗ ಬರ್ತಾನ. ಎಡಗಡಿ ಯಾವ ಕಡೆ ಹೊಕ್ಕೈತಿ, ಆಂವ ಆ ಕಡೆ ಹೋಗ್ತಾನ." ಅವಳ ದನಿ ಸಣ್ಣದಾಗಿತ್ತು. "ನನಗ ಅಂಜಿಕಿ ಆತಪಾ, ನೋಡಿ."

"ಅಂಜೂದೇನ ಅದರಾಗ? ತಾ ಆಡಿದ ಜಾಗಾ. ನೆನಪಾಗತೈತಿ, ಹೋಗಿ ಕುಂದರತಾನ," ಅಂದ ಕಾಡಪ್ಪ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಎದುರುಮನೆಯ ಯಮನಪ್ಪ. ಹೊಟ್ಟೆಯ ಆಪರೇಷನ್ ಆದಮೇಲೆ ಗಂಜಿಯ ಮೇಲೆ ಬದುಕುತ್ತಿದ್ದ ಅವನು ಹೊತ್ತು ಹೋಗದೆ ಹೀಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. "ಊಟ ನಡೀಲಿ, ನಡೀಲಿ," ಎಂದು ಕೂತ. ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರೂ ಅವನ ಮೂಗು ಸಾರಿನ ಕಡೆಗಿತ್ತು. ಕಾಡಪ್ಪ ಪರದೆಯನ್ನೇ ನೋಡುತ್ತಿದ್ದ. ಗಂಗಾಳ ನೆಲಕ್ಕೆ ಉಜ್ಜಿದ ಸದ್ದು ಕೇಳಿ ಕೆಳಗೆ ನೋಡಿದರೆ ತನ್ನ ಕೈಯೇ ಅದನ್ನು ಎಳೆದಿತ್ತು. ಕುಂಡಿಯ ಮೇಲೆ ಹಾಗೆಯೇ ತಿರುಗಿ, ಬಾಗಿಲಿಗೆ ಬೆನ್ನು ಮಾಡಿ, ಒಳಮುಖವಾಗಿ ಕೂತುಬಿಟ್ಟಿದ್ದ. ಯಾರೂ ಹೇಳಿರಲಿಲ್ಲ. ಉಣ್ಣಲಾರದವನು ಎದುರಿಗಿದ್ದರೆ ಮೈ ತಾನಾಗಿ ಮಾಡುವ ಕೆಲಸ ಅದು. ತಾಯಿಯ ಹಾಲಿನ ಜೊತೆ ಬಂದದ್ದು. ತುತ್ತು ಬಾಯಲ್ಲಿ ನಿಂತಿತು. ಕಲ್ಮೇಶನ ಭುಜ ಇಳಿದದ್ದು, ತಲೆ ತಗ್ಗಿದ್ದು, ಬಾಲನ್ನು ಒಳಕ್ಕೆ ಎಳೆದುಕೊಂಡದ್ದು ಎಲ್ಲ ಈ ಗಂಗಾಳದ ಹಾಗೆಯೇ ಇತ್ತು. ಅವರು ಅಂಜುತ್ತಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಓಡಲಾರದವನ ಮುಂದೆ ಓಡಲು ನಾಚುತ್ತಿದ್ದರು.

"ಯಾಕ, ಖಾರ ಹತ್ತೇನು?" ಎಂದಳು ಲಗಮವ್ವ. ಅವನು ನೀರು ಕುಡಿದು ಎದ್ದುಬಿಟ್ಟ.

ಮೋಟಾರ್ ಸೈಕಲ್ಲಿನ ಮೇಲೆ ಚಚಡಿಯ ದಾರಿ ಹಿಡಿದಾಗ ಹೇಳಬೇಕಾದ ಮಾತು ಬಾಯಲ್ಲಿ ತಯಾರಾಗಿತ್ತು. ಬಾಳೇಶ, ರವಿವಾರ ಬರಬೇಡ. ಅಷ್ಟೇ. ಕಬ್ಬಿನ ಟ್ರ್ಯಾಕ್ಟರುಗಳು ಎದುರಾದವು, ಧೂಳು ಕಣ್ಣಿಗೆ ಬಿತ್ತು. ಬರಬೇಡ ಅಂದರೆ ಯಾಕೆ ಅನ್ನುತ್ತಾನೆ. ಯಾಕೆ ಎಂದು ಹೇಳಿದರೆ ಕಾಲಿನ ಮಾತು ಬರುತ್ತದೆ. ಕಾಲಿನ ಮಾತು ಬಂದರೆ ಕಿತ್ತೂರು ಬರುತ್ತದೆ. ಅವತ್ತು ಮಂಡಿ ಬದನೆಕಾಯಿಯ ಹಾಗೆ ಊದಿತ್ತು. ಕಾಡಪ್ಪನೇ ಒಬ್ಬ ಕಂಪೌಂಡರನನ್ನು ಕರೆಸಿ, ಬಸ್ಸಿನ ಹಿಂದಿನ ಸೀಟಿನ ಮೇಲೆ ಮಲಗಿಸಿ ಸೂಜಿ ಹಾಕಿಸಿದ. ಎದ್ದು ನಿಂತ ಬಾಳೇಶ ಮಂಡಿಯನ್ನು ತಟ್ಟಿ ತಟ್ಟಿ ನೋಡಿ, "ಸರ, ಮಂಡಿ ಐತೋ ಇಲ್ಲೋ ಗೊತ್ತಾಗವಲ್ತು," ಎಂದಿದ್ದ. "ಗೊತ್ತಾಗದಿದ್ರ ಚಲೋ ಆತು, ಓಡು." ಇಡೀ ತಂಡದ ಮುಂದೆ, ಬಸ್ಸಿನ ಕಿಟಕಿಗೆ ಮುಖ ಹಚ್ಚಿದ್ದ ಊರ ಜನರ ಮುಂದೆ ಹಾಗೆ ಅಂದದ್ದು. ಪಂದ್ಯ ಗೆಲ್ಲಬೇಕಿತ್ತು, ನಿಜ. ಆದರೆ ಓಡು ಎನ್ನುವಾಗ ನಾಲಿಗೆಯ ತುದಿಗೆ ಒಂದು ಸಿಹಿ ಹತ್ತಿದ್ದು ಯಾತಕ್ಕೆ? ಈ ಚಚಡಿಯ ಇದೇ ಓಣಿಗೆ ತಾನು ಸಣ್ಣವನಿದ್ದಾಗ ಅಪ್ಪನ ಜೊತೆ ಹತ್ತಿ ಬಿಡಿಸಲು ಬಂದು ಬೊಗಸೆಯೊಡ್ಡಿ ಕಟ್ಟೆಯ ಕೆಳಗೆ ನಿಂತು ನೀರು ಕುಡಿದದ್ದು, ಮೇಲಿನಿಂದ ಸುರಿದ ನೀರು ಮೊಣಕೈಯಿಂದ ಅಂಗಿಯೊಳಗೆ ಇಳಿದದ್ದು. ಸುರಿದವರು ಬಾಳೇಶನ ಮನೆಯವರೋ ಪಕ್ಕದವರೋ ಇವತ್ತಿಗೂ ಗೊತ್ತಿಲ್ಲ. ಆ ಓಣಿಯ ಹುಡುಗನೊಬ್ಬ ತನ್ನ ಮಾತಿಗೆ ಓಡುತ್ತಾನೆ, ನಿಲ್ಲು ಅಂದರೆ ನಿಲ್ಲುತ್ತಾನೆ. ಅಷ್ಟು ಸಣ್ಣ ಸಿಹಿಯೊಂದು ಇದ್ದಿರಬಹುದು. ಇರಲಿಕ್ಕಿಲ್ಲ. ಎರಡು ವರ್ಷದಿಂದ ಈ ಎರಡು ಮಾತುಗಳ ನಡುವೆ ಅವನು ಜೋಳಿಗೆಯಲ್ಲಿ ಹಾಕಿದ ಕೂಸಿನ ಹಾಗೆ ತೂಗಾಡುತ್ತಿದ್ದ.

ಇಂದ್ರವ್ವ ಅವನನ್ನು ಕಂಡು ಸೆರಗು ಹೊದ್ದುಕೊಂಡು ಒಳಗಿನಿಂದ ಕುರ್ಚಿ ತಂದು ಕಟ್ಟೆಯ ಮೇಲೆ ಹಾಕಿದಳು. "ಬರ್ರಿ ಸರ, ಕುಂದರ್ರಿ. ಬಾಳೇಶ ಈಗ ಉಂಡ ಮಕ್ಕೊಂಡಿದ್ದ. ಏ ಬಾಳ್ಯಾ, ಸರ ಬಂದಾರ ನೋಡು." ಮಗ ಎದ್ದು ಬರುವತನಕ ಅವಳು ಕಂಬ ಹಿಡಿದು ನಿಂತು ಮಾತಾಡಿದಳು. "ನಿಮ್ಮ ಉಪಕಾರ ಬಾಳ ಆತ್ರಿ. ಬ್ಯಾರೆಯಾರಾಗಿದ್ರ ಕಾಲ ಹ್ವಾದಾಂವನ್ನ ಹೊಳ್ಳಿ ನೋಡ್ತಿರಲಿಲ್ಲ. ನೀವು ದಿನಾ ಕರಕೊಂತೀರಿ. ಅಲ್ಲಿಗೆ ಹೋಗಿ ಬಂದ ದಿನಾ ಎರಡ ರೊಟ್ಟಿ ಜಾಸ್ತಿ ಉಣತಾನ್ರಿ." ಕಾಡಪ್ಪ ಕುರ್ಚಿಯ ಕೈ ಹಿಡಿದ. ಚಹಾ ಬಂತು. ಬಾಳೇಶನಿಗೆ ಸ್ಟೀಲ್ ಲೋಟದಲ್ಲಿ, ಇವನಿಗೆ ಹೊಸ ಕಾಗದದ ಕಪ್ಪಿನಲ್ಲಿ. ಬಾಳೇಶ ಎರಡನ್ನೂ ನೋಡಿದ. "ಅವ್ವಾ, ಇನ್ನೊಂದ ಲೋಟಾ ಇರಲಿಲ್ಲೇನು?" "ತೊಳದಿರಲಿಲ್ಲೋ, ಅದಕ್ಕs," ಎಂದು ಅವಳು ಒಳಗೆ ಹೋದಳು. ಕಪ್ಪು ಸುಡುತ್ತಿತ್ತು. ಕಾಡಪ್ಪ ಅದನ್ನು ಬೆರಳಿನಿಂದ ಬೆರಳಿಗೆ ಬದಲಿಸುತ್ತ ಹಿಡಿದುಕೊಂಡ.

"ರವಿವಾರ ಮ್ಯಾಚ್ ಐತಿ," ಅಂದ.

"ಗೊತ್ತೈತ್ರಿ. ಬರ್ತೇನಿ."

"ಬಿಸಲ ಬಾಳ ಆಗೇತಿ ಈಗ. ನಿನಗ ತ್ರಾಸ ಆಗತೈತಿ."

"ಬಿಸಲಾಗs ಹುಟ್ಟಿ ಬೆಳದಾಂವ್ರಿ ನಾ. ನಿಮಗ ಬ್ಯಾರೆ ಏನೋ ಹೇಳೂದೈತಿ, ಹೇಳ್ರಿ."

ಬಾಯಲ್ಲಿ ತಯಾರಿದ್ದ ಮಾತು ಅಲ್ಲಿರಲಿಲ್ಲ. "ಎಡಗಡಿ ಹುಡುಗ್ರು ಓಡವಲ್ರು," ಅಂದ.

ಬಾಳೇಶ ಚಹಾ ಗುಟುಕರಿಸಿದ. ಸಾಧು ಮುಖದಲ್ಲಿ ಅದೇ ಮುಗುಳ್ನಗೆ. "ಈಗ ಕಂಡ್ತೇನ್ರಿ ನಿಮಗ?"

"ನಿನಗ ಮೊದಲs ತಿಳದಿತ್ತು?"

"ಮತ್ತ ನಾ ಅಲ್ಲಿ ಕುಂದ್ರೂದು ಯಾತಕ್ರೀ ಸರ?" ಅವನು ಲೋಟವನ್ನು ಕಟ್ಟೆಯ ಮೇಲಿಟ್ಟ. "ಮೊದಮೊದಲ ನೀವು ಬಾ ಅಂದ್ರಿ ಅಂತ ಬಂದೆ. ದವಾಖಾನ್ಯಾಗ ಅಂದ್ರಲ್ಲಾ, ಗ್ರೌಂಡ ಬಿಡಬ್ಯಾಡ, ನೀ ಕುಂತ್ರ ಹುಡುಗ್ರಿಗೆ ಧೈರ್ಯ ಅಂತ. ನಿಮ್ಮ ಮನಸ ಹಗರ ಆಗಲಿ ಅಂತ ಬಂದೆ. ಹುಡುಗ್ರು ನನ್ನ ಮುಂದ ದಡದಡ ಓಡಾವ್ರು. ಆ ಸಪ್ಪಳ ಮಂಡ್ಯಾಗ ಕೇಳತಿತ್ರಿ ನನಗ. ಆಮ್ಯಾಲೆ ಒಂದಿನಾ ಕಲ್ಮೇಶ ಹಂಗs ಬಂದಾಂವ ನನ್ನ ಕಾಲ ನೋಡಿದಾ. ಅಲ್ಲೇ ಸಣ್ಣಾದಾ. ಒಳಗ ತಿರಗಿಬಿಟ್ಟಾ. ಅವತ್ತ ನನಗ ನಿದ್ದಿ ಬಂತ್ರಿ ಸರ. ಆಪರೇಷನ್ ಆದಾಗಿಂದ ಮೊದಲನೇ ಸಲಾ, ಚಲೋ ನಿದ್ದಿ."

ಓಣಿಯಲ್ಲಿ ಒಂದು ಕೋಳಿ ಮರಿಗಳನ್ನು ಕಟ್ಟಿಕೊಂಡು ಹೋಯಿತು. ಕಾಡಪ್ಪನಿಗೆ ಸಿಟ್ಟು ಬರಬೇಕಿತ್ತು. ಹಾದಿಯಲ್ಲಿ ಸಿಗುವ ಯಾವ ಕಲ್ಲಿನ ಮೇಲೂ ಬರುವ ಆ ಸಿಟ್ಟನ್ನು ಅವನು ಎದೆಯಲ್ಲಿ, ಹೊಟ್ಟೆಯಲ್ಲಿ ಹುಡುಕಿದ. ಸಿಗಲಿಲ್ಲ.

"ಟೀಮ್ ಮುಚ್ಚತೈತಿ ಬಾಳೇಶ. ಕಲ್ಮೇಶ ಮನಿಗೆ ಹೊಕ್ಕಾನ. ಎಲ್ಲಾರೂ ಹೊಕ್ಕಾರ. ನೀ ಆಡಿದ ಟೀಮ್ ಅದು."

"ಹೌದ್ರಿ. ಅದಕ್ಕs ನೀವು ನನಗ ಬರಬ್ಯಾಡ ಅನಬೇಕ್ರಿ." ಬಾಳೇಶ ಮುಂದಕ್ಕೆ ಬಾಗಿದ. ದನಿ ತಗ್ಗಿಸಿದ. "ಇಲ್ಲೆ ಬ್ಯಾಡ. ಇಲ್ಲೆ ಅವ್ವಗ ಕೇಳಿಸ್ತೈತಿ, ಮತ್ತ ನಾ ಹೂಂ ಅನ್ನಂಗಿಲ್ಲ. ಅಲ್ಲೆ ಅನ್ರಿ. ಎಲ್ಲಾರ ಮುಂದ. ಓಡು ಅಂದ್ರಲ್ಲಾ ಎಲ್ಲಾರ ಮುಂದ, ಹಂಗs. ಅಂದ್ರ ಎದ್ದ ಹೋಗ್ತೇನಿ, ಮತ್ತ ಬರಂಗಿಲ್ಲ. ನಿಮಗ ಆಗಂಗಿಲ್ಲ ಬಿಡ್ರಿ."

ಕಾಡಪ್ಪ ಕಪ್ಪಿನಲ್ಲಿದ್ದದ್ದನ್ನು ಒಂದೇ ಗುಟುಕಿಗೆ ಕುಡಿದ. ಖಾಲಿ ಕಪ್ಪನ್ನು ಎಲ್ಲಿ ಇಡುವುದೆಂದು ತಿಳಿಯದೆ ಮಡಚಿ ಕಿಸೆಗೆ ಹಾಕಿಕೊಂಡು ಎದ್ದ. ದಾರಿಯುದ್ದಕ್ಕೂ ಅದು ತೊಡೆಗೆ ಚುಚ್ಚುತ್ತಿತ್ತು. ಬೈಲಹೊಂಗಲದ ಹತ್ತಿರ ಬಂದಾಗ ತೆಗೆದು ಎಸೆದ. ಎಸೆದ ಮೇಲೂ ಚುಚ್ಚಿತು.

ರವಿವಾರ ಬೆಂಗಳೂರಿನ ತಂಡ ಬಂದಿತ್ತು. ಎತ್ತರದ ಆಳುಗಳು. ಬಂದವರೇ ತಮ್ಮ ಕಾವಲನ್ನೆಲ್ಲ ಯರಿನಾಡಿನ ಬಲಗಡೆಗೆ ಸರಿಸಿ ಗೋಡೆ ಕಟ್ಟಿದರು. ಜನ ತಂತಿ ಬೇಲಿಗೆ ಜೋತುಬಿದ್ದಿದ್ದರು. ಬಾಳೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗುಂಡಿನ ಮೇಲೆ ಕೂತಿದ್ದ, ಕೆಟ್ಟ ಕಾಲನ್ನು ಗೆರೆಯ ಕಡೆ ಉದ್ದಕ್ಕೆ ಚಾಚಿದ್ದ. ಆಟ ಶುರುವಾಯಿತು. ಕಲ್ಮೇಶ ಒಂದು ಸಲ ಬಂದ, ತಿರುಗಿದ. ಇನ್ನೊಂದು ಸಲ ಬಂದ, ತಿರುಗಿದ. ಮೂರನೆಯ ಸಲ ತಿರುಗಿ ಕಳೆದುಕೊಂಡ ಬಾಲನ್ನು ಎದುರಿನವರು ಹೊತ್ತುಕೊಂಡು ಹೋಗಿ ಕಂಬಕ್ಕೆ ಬಡಿದರು. ಗೋಲಾಗದೆ ಉಳಿದದ್ದು ಪುಣ್ಯ. ಬೆಂಚಿನ ಹಿಂದೆ ಸಾವಕಾರನ ಕಾರಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಬಿಸಿಲು ಜಾಸ್ತಿಯೆಂದು ರೆಫ್ರಿ ನೀರಿಗೆ ಬಿಟ್ಟ. ಹುಡುಗರು ಡ್ರಮ್ಮಿನ ಕಡೆ ಬಂದರು. ಕಾಡಪ್ಪ ಅವರ ಎದುರಿನಿಂದಲೇ ಹಾದು ಮೈದಾನದೊಳಗೆ ಇಳಿದ.

ನಡುವಿನ ವೃತ್ತ ದಾಟುವಾಗ ಕಾಲು ತನ್ನದಲ್ಲ ಎನ್ನಿಸುತ್ತಿತ್ತು. ಮಂಡಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬಾಳೇಶ ಅವನು ಬರುವುದನ್ನು ನೋಡುತ್ತ ಕೂತಿದ್ದ, ಮುಗುಳ್ನಗೆ ಇರಲಿಲ್ಲ. ಹತ್ತಿರ ಹೋದಾಗ ಕಂಡಿತು, ಅವನ ತುಟಿ ಒಣಗಿತ್ತು. ಬೇಡ ಎನ್ನುತ್ತಿದ್ದಾನೋ, ಬೇಗ ಅನ್ನು ಎನ್ನುತ್ತಿದ್ದಾನೋ.

"ಏಳು," ಅಂದ ಕಾಡಪ್ಪ. "ಹೊರಗ ನಡಿ."

"ಯಾಕ್ರೀ ಸರ?" ಬಾಳೇಶ ಗಟ್ಟಿಯಾಗಿ ಕೇಳಿದ. ಬೇಲಿಯ ಜನರೆಲ್ಲ ಈ ಕಡೆ ತಿರುಗಿದರು.

ಆಗ ಬಂತು ಸಿಟ್ಟು. ಚಚಡಿಯಲ್ಲಿ ಹುಡುಕಿದಾಗ ಸಿಗದೆ ಹೋದದ್ದು ಈಗ ಕೇಳದೆಯೇ ಬಂತು. "ನೀ ಕುಂತ್ರ ನನ್ನ ಹುಡುಗ್ರು ಓಡಂಗಿಲ್ಲ, ಅದಕ್ಕ. ಕುಂಟನ ಮುಂದ ಯಾವ ಮಗಾನೂ ಓಡಂಗಿಲ್ಲ. ನಿನ್ನ ಸಲುವಾಗಿ ಇಷ್ಟ ಮಂದಿ ಕುಂಟ ಆಗಬೇಕೇನ? ಏಳಲೇ."

ಕುಂಟ ಎನ್ನುವ ಮಾತು ಬಾಯಿಂದ ಹೊರಗೆ ಹೋಗಿ ಮೈದಾನದ ಮೇಲೆ ನಿಂತಿತು. ಬಾಳೇಶ ಕೋಲು ಊರಿ ಎದ್ದ. ಡ್ರಮ್ಮಿನ ಕಡೆಯಿಂದ ಓಡಿ ಬಂದ ಕಲ್ಮೇಶ ತೋಳು ಹಿಡಿಯಲು ಹೋದ. ಬಾಳೇಶ ಮೊಣಕೈಯಿಂದ ಅವನನ್ನು ದೂಡಿದ. ಗೇಟು ದೂರವಿತ್ತು. ಮೂಲೆಯ ಬಾವುಟ ದಾಟಿ, ಗೋಲುಕಂಬದ ಹಿಂದೆ ಹೋಗಿ, ಬೇಲಿಯ ಗುಂಟ ಅವನು ನಡೆದ. ಬಲಗಾಲನ್ನು ತಿರುಗಿಸಿ ಇಡುವುದು, ಕೋಲು, ಎಡಗಾಲು. ರೆಫ್ರಿ ಸೀಟಿ ಬಾಯಲ್ಲಿಟ್ಟುಕೊಂಡು ಊದದೆ ಕಾದ. ಬೇಲಿಗೆ ಜೋತಿದ್ದವರು ಅವನು ಬಂದಂತೆಲ್ಲ ಕೈ ತೆಗೆದು ಹಿಂದೆ ಸರಿದರು. ಮೈದಾನದ ಹುಡುಗರೆಲ್ಲ ಅದನ್ನು ನೋಡುತ್ತಿದ್ದರು, ಕಾಡಪ್ಪ ಹುಡುಗರನ್ನು ನೋಡುತ್ತಿದ್ದ. ಬಿಳಿ ಅಂಗಿ ಗೇಟಿನ ಆಚೆ ಹೋಗುವತನಕ ಯಾರೂ ನೀರು ನುಂಗಲಿಲ್ಲ.

ಬೆಂಚಿಗೆ ಮರಳುವಾಗ ಕಲ್ಮೇಶ ಎದುರಾದ. ಏನಾದರೂ ಅನ್ನಲಿ ಎಂದು ಕಾಡಪ್ಪ ಒಂದು ಗಳಿಗೆ ನಿಂತ. ಕಲ್ಮೇಶ ಬಾಯಲ್ಲಿದ್ದ ನೀರನ್ನು ನೆಲಕ್ಕೆ ಉಗುಳಿ ತನ್ನ ಜಾಗಕ್ಕೆ ಹೋದ. ಸೀಟಿ ಆಯಿತು. ಬಾಲು ಎಡಕ್ಕೆ ಬಂದಾಗ ಅವನು ಹೊರಟ. ಅದು ಅಭ್ಯಾಸದಲ್ಲಿ ಕಂಡ ಓಟವಲ್ಲ. ಹಲ್ಲು ಕಚ್ಚಿ, ಕತ್ತು ಮುಂದೆ ಚಾಚಿ, ಬೆನ್ನಟ್ಟಿದ ಹೋರಿ ಓಡುವ ಹಾಗೆ. ಖಾಲಿ ಗುಂಡನ್ನು ದಾಟಿದ, ಗೆರೆ ಮುಗಿಯುವತನಕ ಹೋದ, ಅಲ್ಲಿಂದ ಹಿಂದಕ್ಕೆ ಎತ್ತಿ ಹೊಡೆದ. ಬಲಗಡೆ ಗೋಡೆ ಕಟ್ಟಿ ನಿಂತಿದ್ದವರು ತಿರುಗಿ ನೋಡುವಷ್ಟರಲ್ಲಿ ಗೋಲಾಗಿತ್ತು. ಜನ ಕೂಗಿದರು. ತಿಂಗಳುಗಟ್ಟಲೆ ಕಾಡಪ್ಪ ಕನಸಿನಲ್ಲಿ ಕಂಡ ಗೋಲು ಇದೇ; ನಡುವಿನಿಂದ ಎಡಕ್ಕೆ, ಎಡದಿಂದ ಮೂಲೆಗೆ, ಮೂಲೆಯಿಂದ ಹಿಂದಕ್ಕೆ. ಕನಸಿನಲ್ಲಿ ಹುಡುಗರು ಬೆಂಚಿನ ಕಡೆ ಓಡಿ ಬಂದು ಅವನ ಮೈಮೇಲೆ ಬೀಳುತ್ತಿದ್ದರು. ಈಗ ಅವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳದೆ, ಕೈ ಎತ್ತದೆ, ಯಾರದೋ ಮಣ್ಣಿಗೆ ಹೋಗಿ ಬಂದವರ ಹಾಗೆ ನಡೆದು ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು.

ಅರ್ಧ ಹೊತ್ತಿನ ವಿರಾಮದಲ್ಲಿ ಅವನು ಹೇಳಬೇಕಾದದ್ದನ್ನೆಲ್ಲ ಹೇಳಿದ. ಎದುರಿನವರು ಈಗ ಎಡಕ್ಕೆ ಆಳು ಸರಿಸುತ್ತಾರೆ, ಆಗ ಬಲ ತೆರೆಯುತ್ತದೆ, ಬಾಲನ್ನು ಬೇಗ ಆಚೆ ದಾಟಿಸಿ, ಆದರೂ ಮೊದಲ ಪೆಟ್ಟು ಎಡದಿಂದಲೇ ಇರಲಿ. ಒಳ್ಳೆಯ ಮಾತುಗಳು. ಹುಡುಗರು "ಹೂಂ ಸರ" ಅಂದರು. ಎಲ್ಲರೂ ನೆಲ ನೋಡುತ್ತಿದ್ದರು. ಬೆಂಚಿನ ಮೇಲೆ ಅವನ ಎರಡೂ ಪಕ್ಕ ಜಾಗವಿತ್ತು, ಹುಡುಗರು ಬಿಸಿಲಲ್ಲಿ ನಿಂತಿದ್ದರು. ಪ್ರತಿ ವಿರಾಮದಲ್ಲೂ ಚಿತ್ರ ತೋರಿಸಲು ಕ್ಯಾಮರಾ ಇಟ್ಟ ಮಾಳಿಗೆಯಿಂದ ಇಳಿದು ಬರುವ ಪ್ರಣಿತಾ ಇವತ್ತು ಇಳಿಯಲಿಲ್ಲ. ಅವನು ತಲೆ ಎತ್ತಿ ನೋಡಿದಾಗ ಅವಳು ಕ್ಯಾಮರಾದ ಕಾಲನ್ನು ತಿರುಚಿ ಬಿಗಿ ಮಾಡುತ್ತಿದ್ದಳು, ಬಿಗಿಯಾದ ಮೇಲೂ ಬಿಗಿ ಮಾಡುತ್ತಿದ್ದಳು.

ದಿಕ್ಕು ಬದಲಾಯಿತು. ಈಗ ಎಡಗಡೆ ಅಂದರೆ ಬೆಂಚಿನ ಬದಿ. ಡ್ರಮ್ಮಿನ ಪಕ್ಕದ ನೆಲ ಖಾಲಿಯಿತ್ತು. ಕಾಡಪ್ಪ ಬೆಂಚಿನ ಮೇಲೆ ಕೂರಲಾಗದೆ ಎದ್ದು ಹೋಗಿ ಗೆರೆಯ ಹತ್ತಿರ ನಿಂತ. ಎದುರಿನವರು ಒಂದು ಗೋಲು ತೀರಿಸಿದರು. ಸಾವಕಾರ ಕಾರಿನಿಂದ ಏನೋ ಕೂಗಿದ. ಹೊತ್ತು ಇಳಿಯಿತು, ಆಟಗಾರರ ನೆರಳು ಉದ್ದವಾದವು. ಇನ್ನೇನು ಮುಗಿಯುತ್ತದೆ ಅನ್ನುವಾಗ ಹಿಂದಿನಿಂದ ಉದ್ದಕ್ಕೆ ಬಂದ ಬಾಲು ಎಡಗಡೆ ಬಿತ್ತು. ಕಲ್ಮೇಶ ಅದನ್ನು ಎದೆಯಿಂದ ಇಳಿಸಿ ಕಾಡಪ್ಪ ನಿಂತ ಕಡೆಗೇ ಓಡಿ ಬಂದ.

ಕಾಡಪ್ಪ ಕದಲಲಿಲ್ಲ. ಹುಡುಗನ ಭುಜಗಳನ್ನೇ ನೋಡುತ್ತಿದ್ದ. ಎಲ್ಲಿ ಇಳಿಯಬೇಕೋ ಅದು ಅವನಿಗೆ ಗೊತ್ತಿತ್ತು, ಇನ್ನು ಹತ್ತು ಮಾರು ಇದೆ ಅನ್ನುವಲ್ಲಿ. ಇಳಿಯಬಾರದು, ಇಳಿದರೆ ಎಲ್ಲ ಮುಗಿಯಿತು, ತಂಡ, ಇವರ ಸಂಬಳ, ತನ್ನ ಹತ್ತು ವರ್ಷ. ಹಾಗೆಂದು ತಿಳಿದಿದ್ದರೂ ಎದೆಯ ಒಳಗೆ ಯಾವುದೋ ಒಂದು ಬೊಗಸೆಯೊಡ್ಡಿ ನಿಂತು, ಒಂದು ಸಲ ನಿಧಾನ ಮಾಡೋ, ಒಂದೇ ಸಲ, ಎಂದು ಬೇಡುತ್ತಿತ್ತು. ಹುಡುಗ ಬಂದ. ಕಣ್ಣು ಬಾಲಿನ ಮೇಲಿತ್ತು. ಹೆಜ್ಜೆ ಸಣ್ಣದಾಗಲಿಲ್ಲ, ದೊಡ್ಡದಾಯಿತು. ಕಾಡಪ್ಪನ ಕಾಲ ಬೆರಳಿನ ಪಕ್ಕ ಬೂಟು ಬಿತ್ತು, ಬೆವರಿನ ಗಾಳಿ ಮುಖಕ್ಕೆ ಬಡಿಯಿತು, ಕೆಮ್ಮಣ್ಣು ಎದ್ದು ಬಾಯಿಗೆ ಹೋಯಿತು. ಅಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ ಎಂಬುದು ಕಲ್ಮೇಶನಿಗೆ ತಿಳಿದ ಹಾಗೆ ಇರಲಿಲ್ಲ.

ಜನರ ಕೂಗು ಎದ್ದಿತು. ಯಾರೋ ಬಂದು ಅವನ ಬೆನ್ನು ಗುದ್ದಿದರು, ಯಾರೋ ಗುಲಾಲು ಎರಚಿದರು. ಗೋಲಾಗಿದೆ ಎಂದು ಅವನಿಗೆ ಅದರಿಂದ ತಿಳಿಯಿತು. ಅದನ್ನು ಅವನು ನೋಡಿರಲಿಲ್ಲ. ಹುಡುಗನ ಹೆಜ್ಜೆ ಎಲ್ಲಿ ನಿಧಾನವಾಗಬೇಕಾಗಿತ್ತೋ ಆ ನೆಲವನ್ನೇ ಇನ್ನೂ ನೋಡುತ್ತಿದ್ದ.